ಹೆಗಲಿಗೆ ಜೋಳಿಗೆ: ಹೇಗೆ, ಎಷ್ಟು ದಿನ?

ಕೇಳುಗರಿಗೆ ನಮಸ್ಕಾರ.

ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಮರದಿಂದ ಜಾರಿದವರು, ದಾವಣಗೆರೆ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಚೀಲ ಹೊತ್ತು ಮುಗ್ಗರಿಸಿದವರು ಹೆಗಲು ಹಿಡಿದುಕೊಂಡು ಆಸ್ಪತ್ರೆಗೆ ಬರುತ್ತಾರೆ. ಕೀಲು ತಪ್ಪಿದೆ ಅನ್ನಿಸಿದರೆ ದಯವಿಟ್ಟು ಯಾರ ಕೈಲೂ ತೋಳು ಎಳೆಸಬೇಡಿ. ಮೂಳೆಯಲ್ಲಿ ಬಿರುಕಿದ್ದರೆ ಎಕ್ಸ್‌ರೇ ಇಲ್ಲದೆ ತಿಳಿಯದು, ಎಳೆದಾಗ ಅದು ಪೂರಾ ಮುರಿಯಬಹುದು. ವೈದ್ಯರು ಕೀಲು ಕೂರಿಸಿದ ಮೇಲೆ ಜೋಳಿಗೆಯ, ಅಂದರೆ ಸ್ಲಿಂಗಿನ ಕೆಲಸ ಶುರು.

ಕೊರಳಿಗೆ ಹಾಕಿಕೊಂಡರೆ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಕೈ ಹೇಗೆ ತೂಗುತ್ತಿದೆ ನೋಡಿ. ಮೊಣಕೈ ಚೀಲದ ಮೂಲೆಗೆ ತಾಗಿ, 90 ಡಿಗ್ರಿ ಮಡಿಚಿರಬೇಕು. ಅಂಗೈ ಅದಕ್ಕಿಂತ ತುಸು ಮೇಲಿರಬೇಕು. ಬಟ್ಟೆ ಕಿರುಬೆರಳಿನ ಬುಡದವರೆಗೆ ಬರಬೇಕು. ಚೀಲ ಗಿಡ್ಡವಾದರೆ ಮಣಿಕಟ್ಟು ಜೋತುಬಿದ್ದು ಕೈ ಊದುತ್ತದೆ, ಬೆರಳಿಗೆ ಜೋಮು ಹಿಡಿಯುತ್ತದೆ. ಹಾಗಾಗಿ ಕೊಳ್ಳುವಾಗ ಮೊಣಕೈಯಿಂದ ಬೆರಳ ಗಿಣ್ಣಿನವರೆಗಿನ ಅಳತೆ ಕೊಡಿ. ಪಟ್ಟಿ ಸಡಿಲವಿದ್ದರೆ ಕೈಭಾರವೆಲ್ಲ ಗಾಯದ ಹೆಗಲಿಗೇ ಬೀಳುತ್ತದೆ. ತೀರಾ ಬಿಗಿಯಾದರೆ ಹೆಗಲು ಕಿವಿಯತ್ತ ಏರಿ ಕತ್ತು ಸೆಟೆಯುತ್ತದೆ. ಕತ್ತಿಗೆ ತಾಗುವ ಕಡೆ ಮಡಿಚಿದ ಹತ್ತಿ ಬಟ್ಟೆ ಇಡಿ. ಸೊಂಟಕ್ಕೂ ಸುತ್ತುವ ಬೆಲ್ಟಿನ ಜೋಳಿಗೆ ಕೊಟ್ಟಿದ್ದರೆ ಅದನ್ನು ರಾತ್ರಿ ಬಿಚ್ಚಬೇಡಿ, ನಿದ್ದೆಯಲ್ಲೇ ತೋಳು ಹೊರಳುವುದು.

ಚಳ್ಳಕೆರೆಯ ಬಿಸಿಲಲ್ಲಂತೂ ಕಂಕುಳು ಬೆವೆತು ಹುಣ್ಣಾಗುತ್ತದೆ. ವೈದ್ಯರು ಒಪ್ಪಿದರೆ ಜೋಳಿಗೆ ತೆಗೆದು, ಸೊಂಟ ಬಗ್ಗಿಸಿ, ತೋಳನ್ನು ಸಡಿಲವಾಗಿ ನೇತುಬಿಟ್ಟು ತೊಳೆದು ಒರೆಸಿ. ತೋಳನ್ನು ಪಕ್ಕಕ್ಕೆ ಎತ್ತಬೇಡಿ. ಮೇಲೆತ್ತಿ ಹೊರಕ್ಕೆ ತಿರುಗಿಸಿದಾಗಲೇ ಕೀಲು ಮತ್ತೆ ಜಾರುವುದು. ಅಂಗಿ ತೊಡುವಾಗ ನೋವಿನ ಕೈ ಮೊದಲು, ಕಳಚುವಾಗ ಕೊನೆಗೆ.

ಎಷ್ಟು ದಿನ? ಮೊದಲ ಸಲ ಕೀಲು ತಪ್ಪಿದವರಿಗೆ ಸಾಮಾನ್ಯವಾಗಿ 1ರಿಂದ 3 ವಾರ. ಮೂಳೆ ಮುರಿದಿದ್ದರೆ, ಶಸ್ತ್ರಚಿಕಿತ್ಸೆ ಆಗಿದ್ದರೆ ಲೆಕ್ಕ ಬೇರೆ. ನೋವಿಲ್ಲವೆಂದು 3ನೇ ದಿನಕ್ಕೇ ಬಿಸಾಡುವುದು ತಪ್ಪು. ಹೆದರಿ 2 ತಿಂಗಳು ಕಟ್ಟಿಕೊಂಡಿರುವುದೂ ಅಷ್ಟೇ ತಪ್ಪು, ಕೀಲಿನ ಸುತ್ತಲ ಪೊರೆ ಕುಗ್ಗಿ ಬಿಗಿದು, ತಲೆ ಬಾಚಲೂ ಕೈ ಏಳದಂತಾಗುತ್ತದೆ. 40 ದಾಟಿದವರು, ಸಕ್ಕರೆ ಕಾಯಿಲೆಯವರು ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಹೆಗಲಿಗೆ ವಿಶ್ರಾಂತಿ ಕೊಡುವ ಭರದಲ್ಲಿ ಇಡೀ ಕೈಯನ್ನೇ ಮಲಗಿಸಿಬಿಡುತ್ತಾರೆ. ವೈದ್ಯರು ಬೇಡ ಎನ್ನದಿದ್ದರೆ ಮೊದಲ ದಿನದಿಂದಲೇ ಬೆರಳು ಮುಚ್ಚಿ ತೆರೆಯಿರಿ, ಮಣಿಕಟ್ಟು ತಿರುಗಿಸಿ. ದಿನಕ್ಕೆ 4-5 ಸಲ, ರಟ್ಟೆ ಪಕ್ಕೆಗೆ ಅಂಟಿದ ಹಾಗೇ ಮೊಣಕೈ ಚಾಚಿ ಮಡಿಚಿ.

ಬೆರಳು ನೀಲಿಗಟ್ಟಿದರೆ, ತಣ್ಣಗಾದರೆ, ರಟ್ಟೆಯ ಹೊರಬದಿಯಲ್ಲಿ ಮುಟ್ಟಿದ್ದು ತಿಳಿಯದಾದರೆ ಮರುಭೇಟಿಯ ದಿನಕ್ಕೆ ಕಾಯಬೇಡಿ, ಅಂದೇ ಹೋಗಿ ತೋರಿಸಿ.