ಶೀರ್ಷಿಕೆ ಕೇಳುವ ಪ್ರಶ್ನೆ, ವಿಡಿಯೊ ಕೊಡುವ ಉತ್ತರ

ನಮಸ್ಕಾರ. ಯೂಟ್ಯೂಬ್ ವಿಡಿಯೊಗೆ ಒಳ್ಳೆಯ ಶೀರ್ಷಿಕೆ ಕೊಡುವುದು ಹೇಗೆಂದು ಇಲ್ಲಿ ಹೇಳುತ್ತೇನೆ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ರಾಶಿಗಳ ನಡುವೆ ಚಿತ್ರೀಕರಿಸಿದ ವಿಡಿಯೊವೊಂದಕ್ಕೆ ‘ಬ್ಯಾಡಗಿ ಮಾರುಕಟ್ಟೆ ವ್ಲಾಗ್’ ಎಂದು ಹೆಸರಿಟ್ಟರೆ ತಪ್ಪೇನಿಲ್ಲ, ಆದರೆ ಅದನ್ನು ತೆರೆದು ನೋಡಲು ಕಾರಣವೂ ಇಲ್ಲ. ‘ಬ್ಯಾಡಗಿ ಮೆಣಸಿನಕಾಯಿ ಇಷ್ಟು ಕೆಂಪಗಿದ್ದರೂ ಖಾರ ಏಕೆ ಕಡಿಮೆ?’ ಎಂದು ಕೇಳಿದರೆ, ದಿನವೂ ಅದನ್ನು ಅಡುಗೆಗೆ ಬಳಸುವವರಿಗೂ ಉತ್ತರ ಬೇಕೆನಿಸುತ್ತದೆ. ಉತ್ತರ ವಿಡಿಯೊದಲ್ಲಿಯೇ ಇದೆ: ಈ ತಳಿಯಲ್ಲಿ ಬಣ್ಣದ ಅಂಶ ಹೆಚ್ಚು, ಖಾರ ಕೊಡುವ ಕ್ಯಾಪ್ಸೈಸಿನ್ ಕಡಿಮೆ. ವಿಡಿಯೊ ಉತ್ತರಿಸಬಲ್ಲ ಒಂದೇ ಪ್ರಶ್ನೆಯನ್ನು, ಆ ಊರಿಗೆ ಮಾತ್ರ ಸಲ್ಲುವಂತೆ ಕೇಳುವ ಶೀರ್ಷಿಕೆಯನ್ನೇ ನಾನು ಒಳ್ಳೆಯದೆಂದು ನಂಬಿದ್ದೇನೆ.

ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರಗಳ ಮಿತಿಯಿದೆ, ಮೊಬೈಲ್ ಪರದೆಯಲ್ಲಿ ಅಷ್ಟೂ ಕಾಣುವುದಿಲ್ಲ. ಕನ್ನಡದಲ್ಲಿ ಬರೆಯುವವರು ಇನ್ನೂ ಒಂದನ್ನು ಗಮನಿಸಬೇಕು. ‘ಲಕ್ಕುಂಡಿ’ ನಮ್ಮ ಕಣ್ಣಿಗೆ ಮೂರೇ ಅಕ್ಷರ; ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ ಗುಣಿತದ ಚಿಹ್ನೆ, ಒತ್ತು, ಅನುಸ್ವಾರಗಳನ್ನು ಬೇರೆಬೇರೆಯಾಗಿ ಎಣಿಸುವುದರಿಂದ ಅದು ಎಂಟಾಗುತ್ತದೆ. ಅತ್ತಿಮಬ್ಬೆ 1007ರಲ್ಲಿ ಈ ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ವಿಡಿಯೊಗೆ ‘ನಮ್ಮ ಗದಗ ಜಿಲ್ಲೆಯಲ್ಲಿರುವ ಅತ್ಯಂತ ಸುಂದರವಾದ’ ಎಂದು ಆರಂಭಿಸಿದರೆ, ಊರಿನ ಹೆಸರು ಬರುವ ಮೊದಲೇ ಸಾಲು ಕತ್ತರಿಸಿಹೋಗಬಹುದು. ‘ಲಕ್ಕುಂಡಿ: ಅತ್ತಿಮಬ್ಬೆ ಕಟ್ಟಿಸಿದ ಸಾವಿರ ವರ್ಷದ ಬಸದಿ’ ಎಂದು ಬರೆದಾಗ ಹೆಸರು ಮೊದಲೇ ಕಾಣುತ್ತದೆ, ಹುಡುಕಿ ಬರುವವರಿಗೂ ಸುಲಭವಾಗುತ್ತದೆ.

ಥಂಬ್‌ನೇಲ್, ಅಂದರೆ ವಿಡಿಯೊ ತೆರೆಯುವ ಮೊದಲು ಕಾಣುವ ಚಿತ್ರ, ಹೇಳಿದ್ದನ್ನೇ ಶೀರ್ಷಿಕೆ ಮತ್ತೆ ಹೇಳಬೇಕಾಗಿಲ್ಲ. ಹುಬ್ಬಳ್ಳಿ ರೈಲು ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ ಕುರಿತ ವಿಡಿಯೊದಲ್ಲಿ ‘1507 ಮೀಟರ್’ ಎಂಬ ಅಂಕಿ ಚಿತ್ರದ ಮೇಲಿದ್ದರೆ, ‘ಹುಬ್ಬಳ್ಳಿ ಪ್ಲಾಟ್‌ಫಾರ್ಮ್: ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಲು ಎಷ್ಟು ಹೊತ್ತು?’ ಎಂಬುದು ಶೀರ್ಷಿಕೆಯಾಗಲಿ.

‘ಯಾರಿಗೂ ಗೊತ್ತಿಲ್ಲದ ರಹಸ್ಯ’, ‘ನೋಡಿದರೆ ಬೆಚ್ಚಿಬೀಳುತ್ತೀರಿ’ ಎಂಬ ಮಾತುಗಳನ್ನು ದಯವಿಟ್ಟು ಬಿಡಿ. ನಿರೀಕ್ಷೆ ಹುಸಿಯಾದ ನೋಡುಗರು ಆರಂಭದಲ್ಲೇ ಹೊರನಡೆಯುತ್ತಾರೆ, ಎಷ್ಟು ಹೊತ್ತು ನೋಡಿದರು ಎಂಬುದನ್ನು ಯೂಟ್ಯೂಬ್ ಶಿಫಾರಸು ಮಾಡುವಾಗ ಪರಿಗಣಿಸುತ್ತದೆ. ವಿಡಿಯೊದಲ್ಲಿ ಇಲ್ಲದ್ದನ್ನು ಶೀರ್ಷಿಕೆಯಲ್ಲಿ ಹೇಳುವವರ ವಿರುದ್ಧ ಭಾರತದಲ್ಲಿ ಕ್ರಮ ಬಿಗಿಗೊಳಿಸುವುದಾಗಿ ಆ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ಭಾಗದ ಊರುಗಳ ಕುರಿತು ಆಸಕ್ತಿಯಿಂದ ಬಂದವರನ್ನು ಹೀಗೆ ಕಳುಹಿಸುವುದು ನನಗೆ ಒಪ್ಪಿಗೆಯಿಲ್ಲ.

ಪ್ರಕಟಿಸಿದ ನಂತರವೂ ಶೀರ್ಷಿಕೆಯನ್ನು ತಿದ್ದಬಹುದು. ಥಂಬ್‌ನೇಲ್ ಕಂಡವರಲ್ಲಿ ಶೇಕಡಾ ಎಷ್ಟು ಮಂದಿ ಕ್ಲಿಕ್ ಮಾಡಿದರು ಎಂಬುದು ಚಾನೆಲ್ ನಿರ್ವಹಿಸುವ ಯೂಟ್ಯೂಬ್ ಸ್ಟುಡಿಯೊದಲ್ಲಿ ಸಿಗುತ್ತದೆ. ಅರ್ಧದಷ್ಟು ಚಾನೆಲ್‌ಗಳಲ್ಲಿ ಇದು ಶೇಕಡಾ 2ರಿಂದ 10ರ ನಡುವೆ ಇರುತ್ತದೆ ಎಂದು ಯೂಟ್ಯೂಬ್ ಹೇಳುತ್ತದೆ. ನಿಮ್ಮದು ತೀರ ಕಡಿಮೆಯಿದ್ದರೆ ಥಂಬ್‌ನೇಲ್ ಹಾಗೇ ಇರಲಿ, ಶೀರ್ಷಿಕೆಯನ್ನಷ್ಟೇ ಬದಲಿಸಿ ಕೆಲವು ದಿನ ಕಾಯಿರಿ; ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ವ್ಯತ್ಯಾಸವಾಯಿತೆಂದು ತಿಳಿಯುವುದಿಲ್ಲ.