ಪಕ್ಕದ ಹಾಸಿಗೆಯವನು ಯಾರು?

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ವೈದ್ಯ ಮಹನೀಯರೇ, ಶುಶ್ರೂಷಾಧಿಕಾರಿಗಳೇ, ಸಮಾಜಸೇವಾ ವಿಭಾಗದ ಮಿತ್ರರೇ, ಮತ್ತು ಸಭಾಂಗಣದ ಹಿಂದಿನ ಸಾಲುಗಳಲ್ಲಿ ಯಾರಿಗೂ ಗುರುತು ಸಿಗದಂತೆ ಕುಳಿತಿರುವ ನನ್ನ ಬಳಗದವರೇ,

ಹಿಂದಿನ ಸಾಲಿನವರ ಬಗ್ಗೆ ಹೇಳಿದ್ದು ತಮಾಷೆಗಲ್ಲ. ವೃಷಣದ ಕ್ಯಾನ್ಸರಿನಿಂದ ಗುಣವಾದವರನ್ನು ಸಭೆಗೆ ಕರೆದರೆ ನಮ್ಮವರು ಬರುತ್ತಾರೆ, ಆದರೆ ಬೇರೆ ಯಾರನ್ನೋ ಬಿಡಲು ಬಂದವರಂತೆ ಬಂದು ಕಂಬದ ಪಕ್ಕ ಕೂರುತ್ತಾರೆ. ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಮೇಷ್ಟ್ರು. ಇಪ್ಪತ್ತರ ಕೊನೆಯ ಹರೆಯದಲ್ಲಿ ಈ ರೋಗಕ್ಕಾಗಿ ವೃಷಣ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನು, ಈಗ ರಜಾದಿನಗಳಲ್ಲಿ ವಾರ್ಡುಗಳಿಗೆ ಹೋಗಿ ಹೊಸ ರೋಗಿಗಳ ಪಕ್ಕ ಕೂರುವವನು. ನಾನು ಇವತ್ತು ಹೇಳಬೇಕೆಂದು ಬಂದಿರುವ ಒಂದೇ ಮಾತು ಆ ಕಂಬದ ಪಕ್ಕದ ಕುರ್ಚಿಗೆ ಸಂಬಂಧಿಸಿದ್ದು.

ನಿಮಗೆಲ್ಲ ಗೊತ್ತಿರುವಂತೆ ಈ ಶಸ್ತ್ರಚಿಕಿತ್ಸೆಯಲ್ಲಿ ಕೊಯ್ಯುವುದು ವೃಷಣಚೀಲವನ್ನಲ್ಲ, ತೊಡೆಸಂದಿನ ಮೇಲ್ಭಾಗವನ್ನು. ಭ್ರೂಣದಲ್ಲಿ ಮೂತ್ರಪಿಂಡದ ಹತ್ತಿರ ಹುಟ್ಟಿ ಕೆಳಗಿಳಿದು ಬರುವ ಅಂಗವಾದ್ದರಿಂದ ವೃಷಣದ ದುಗ್ಧರಸ (ಲಿಂಫ್) ನಾಳಗಳು, ಎಂದರೆ ರೋಗ ಹರಡುವ ದಾರಿಗಳು, ಹೊಟ್ಟೆಯ ಹಿಂಭಾಗದಲ್ಲಿ ಮಹಾಪಧಮನಿಯ ಬದಿಗೇ ಹೋಗುತ್ತವೆ. ಚೀಲದ ಚರ್ಮವನ್ನು ಕೊಯ್ದರೆ ರೋಗ ತೊಡೆಸಂದಿನ ಗ್ರಂಥಿಗಳಿಗೆ ಹೋಗಲು ಇನ್ನೊಂದು ದಾರಿ ತೆರೆದುಕೊಟ್ಟಂತಾಗುತ್ತದೆ. ಶಸ್ತ್ರವೈದ್ಯರ ಈ ತರ್ಕದಿಂದ ಅವರು ಊಹಿಸದ ಒಂದು ಅನುಕೂಲ ನಮ್ಮ ಮನೆಗಳವರಿಗೆ ಆಗಿದೆ. ಹೊಲಿಗೆಯ ಗುರುತು ಹರ್ನಿಯಾ ಆಪರೇಷನ್ನಿನ ಗುರುತು ಇರುವ ಜಾಗದಲ್ಲೇ ಇರುವುದರಿಂದ ನೆಂಟರಿಗೆ, ಕಚೇರಿಗೆ, ಮುಂದೆ ಬೀಗರಾಗಬಹುದಾದವರಿಗೆ ‘ಹರ್ನಿಯಾ ಆಗಿತ್ತು’ ಎಂದು ಹೇಳಿ ಮುಗಿಸಿಬಿಡಬಹುದು, ಮತ್ತು ಗುರುತನ್ನು ಕಣ್ಣಾರೆ ನೋಡಿದವರಿಗೂ ಅನುಮಾನ ಬರುವುದಿಲ್ಲ. ನಮ್ಮ ಊರೂರುಗಳಲ್ಲಿ ಹರ್ನಿಯಾ ಎಂಬ ಹೆಸರಿನಡಿ ನೆಮ್ಮದಿಯಾಗಿ ಬದುಕುತ್ತಿರುವ ಗುಣಮುಖರು ಇದ್ದಾರೆ. ಅವರಲ್ಲಿ ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ.

ಇದರ ಜೊತೆಗೆ ನಮ್ಮಲ್ಲಿ ಈ ರೋಗ ಅಪರೂಪ. ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಸುಮಾರು 10 ಮಂದಿಗೆ ಬಂದರೆ ಭಾರತದಲ್ಲಿ ಆ ಸಂಖ್ಯೆ ಒಂದಕ್ಕಿಂತಲೂ ಕಡಿಮೆ. ಅಲ್ಲಿಯ ರೋಗಿಗೆ ತನ್ನ ಓಣಿಯಲ್ಲೇ ಇನ್ನೊಬ್ಬ ಸಿಕ್ಕಾನು. ನಮ್ಮ ಚಳ್ಳಕೆರೆಯ ಹುಡುಗನಿಗೆ ಚಳ್ಳಕೆರೆಯಲ್ಲಿ ಯಾರೂ ಸಿಗುವುದಿಲ್ಲ, ಸಿಕ್ಕರೂ ಆತ ತನಗೆ ಹರ್ನಿಯಾ ಎನ್ನುತ್ತಾನೆ. ಗುಣವಾದವರ ಹೆಸರು ಮತ್ತು ಫೋನ್ ನಂಬರು ಒಟ್ಟಿಗೆ ಇರುವುದು ಒಂದೇ ಕಡೆ, ನಿಮ್ಮ ವೈದ್ಯಕೀಯ ದಾಖಲೆಗಳ ವಿಭಾಗದಲ್ಲಿ. ಆದ್ದರಿಂದ ಹೊಸ ರೋಗಿಗೆ ಗುಣವಾದವನೊಬ್ಬನ ಪರಿಚಯ ಮಾಡಿಸಬೇಕಾದವರು ನೀವು. ಮಾಡಿಸಬೇಕಾದ ಹೊತ್ತು ಯಾವುದೆಂದರೆ ಶಸ್ತ್ರಚಿಕಿತ್ಸೆ ಮುಗಿದು ಬಯಾಪ್ಸಿ ವರದಿ ಇನ್ನೂ ಬಾರದೆ ರೋಗಿ ಹಾಸಿಗೆಯಲ್ಲಿ ಮಲಗಿ ಫ್ಯಾನು ನೋಡುತ್ತಿರುವ ಹೊತ್ತು. ಈ ಮಾತನ್ನು ನಾನು ಇನ್ನೂ ಕೆಲವು ಸಲ ಹೇಳುತ್ತೇನೆ, ಮೇಷ್ಟ್ರ ಚಾಳಿ, ಸಹಿಸಿಕೊಳ್ಳಬೇಕು.

ನನಗೆ ಪರಿಚಯ ಮಾಡಿಸಿದವರು ಯಾರೂ ಇರಲಿಲ್ಲ, ಹಾಸಿಗೆ ಹಂಚುವ ಗುಮಾಸ್ತರ ಕೃಪೆಯಿಂದ ಅದು ತಾನಾಗಿ ಆಯಿತು. ಬೆನ್ನಿಗೆ ಅರಿವಳಿಕೆ ಚುಚ್ಚಿದ್ದರಿಂದ ತಲೆ ಎತ್ತಬಾರದೆಂದು ಹೇಳಿ ನನ್ನನ್ನು ವಾರ್ಡಿಗೆ ತಂದು ಮಲಗಿಸಿದ್ದರು. ಅಮ್ಮ ಕಾಲ ಬಳಿ ಕುಳಿತು ಯಾವ ಪ್ರಶ್ನೆಯನ್ನೂ ಕೇಳದೆ ಹೊದಿಕೆಯನ್ನು ಮತ್ತೆ ಮತ್ತೆ ಸರಿಪಡಿಸುತ್ತಿದ್ದರು. ಅಪ್ಪ ಔಷಧಿ ಅಂಗಡಿಗೆ ಹೋಗುವ ನೆಪದಲ್ಲಿ ಕಾರಿಡಾರಿನಲ್ಲಿ ನಿಂತಿದ್ದರು. ಪಕ್ಕದ ಹಾಸಿಗೆಯಲ್ಲಿ ಹಿರಿಯೂರು ಕಡೆಯ ಲಾರಿ ಚಾಲಕರೊಬ್ಬರಿದ್ದರು, ನನಗಿಂತ ಏಳೆಂಟು ವರ್ಷ ದೊಡ್ಡವರು. ವೃಷಣ ತೆಗೆಸಿಕೊಂಡು, ಕೀಮೋ ಮುಗಿಸಿ, ಹೊಟ್ಟೆಯ ಹಿಂಭಾಗದಲ್ಲಿ ಉಳಿದುಕೊಂಡಿದ್ದ ಗಂಟುಗಳನ್ನು ತೆಗೆಸಲು ಎರಡನೆಯ ದೊಡ್ಡ ಆಪರೇಷನ್ ಮಾಡಿಸಿಕೊಂಡವರು. ಎದೆಮೂಳೆಯ ತುದಿಯಿಂದ ಹೊಕ್ಕುಳಿನ ಕೆಳಗಿನವರೆಗೆ ಬ್ಯಾಂಡೇಜು. ಅಮ್ಮ ನೀರು ತರಲು ಎದ್ದದ್ದೇ ತಡ, ಆತ ಈ ಕಡೆ ಮುಖ ತಿರುಗಿಸಿ ಕೇಳಿದರು: “ಮೇಷ್ಟ್ರೇ, ಎಡಗಡೇದೋ ಬಲಗಡೇದೋ?”

ಅಲ್ಲಿಯವರೆಗೆ ನನ್ನೊಡನೆ ಮಾತನಾಡಿದವರೆಲ್ಲರೂ ‘ಆ ಭಾಗ’, ‘ಅಲ್ಲಿ’, ‘ಸಣ್ಣ ಗಂಟು’ ಎನ್ನುತ್ತ ಸುತ್ತು ಬಳಸಿ ಮಾತನಾಡಿದ್ದರು. ನಾನು “ಬಲಗಡೆ” ಎಂದೆ. “ನಂದು ಎಡಗಡೆ. ಇಬ್ರೂ ಸೇರಿದ್ರೆ ಒಂದು ಜೊತೆ ಆಯ್ತು ಬಿಡಿ” ಎಂದರು. ನಕ್ಕರೆ ಹೊಲಿಗೆ ಎಳೆಯುತ್ತದೆ ಎಂಬುದು ನನಗೆ ತಿಳಿದದ್ದು ಆ ಕ್ಷಣದಲ್ಲಿ. ನಗುವಾಗಲೂ ಕೆಮ್ಮುವಾಗಲೂ ದಿಂಬನ್ನು ತೊಡೆಸಂದಿಗೆ ಒತ್ತಿ ಹಿಡಿದುಕೊಳ್ಳಬೇಕೆಂಬುದನ್ನು ಕಲಿಸಿದವರೂ ಅವರೇ. ಏಳುವಾಗ ನೇರವಾಗಿ ಎದ್ದು ಕೂರದೆ, ಮೊದಲು ಮಗ್ಗುಲಾಗಿ, ಕಾಲುಗಳನ್ನು ಮಂಚದಿಂದ ಕೆಳಗೆ ಬಿಟ್ಟು, ಮೊಣಕೈ ಊರಿ ಮೇಲೇಳಬೇಕು. ಮಲಗಿದಾಗ ಟವೆಲ್ಲನ್ನು ಮಡಿಸಿ ಚೀಲದ ಅಡಿಗೆ ಕೊಟ್ಟುಕೊಂಡರೆ ಬಾವು ಬೇಗ ಇಳಿಯುತ್ತದೆ. ಓಡಾಡಲು ಶುರು ಮಾಡಿದ ಮೇಲೆ ಸಡಿಲವಾದ ಚಡ್ಡಿ ಬೇಡ, ಬಿಗಿಯಾದ ಲಂಗೋಟಿ ಬೇಕು. ಚೀಲ ನೀಲಿಗಟ್ಟಿ ಬದನೆಕಾಯಿಯ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗದೆ ಸಿಸ್ಟರಿಗೆ ತೋರಿಸಬೇಕು. ತೊಡೆಯ ಒಳಭಾಗದಲ್ಲಿ ಒಂದು ಅಂಗೈಯಗಲ ಮುಟ್ಟಿದರೂ ತಿಳಿಯದಂತೆ ಮರಗಟ್ಟಿರುವುದು ನರಕ್ಕೆ ಸಂಬಂಧಿಸಿದ್ದು, ರೋಗ ಹರಡಿದ್ದಲ್ಲ. ಈ ಕೊನೆಯ ಮಾತಿಗಾಗಿ ನಾನು ಆ ಮನುಷ್ಯನಿಗೆ ಜೀವಮಾನವಿಡೀ ಋಣಿ, ಏಕೆಂದರೆ ಮರಗಟ್ಟಿದ ಆ ಜಾಗವನ್ನು ನಾನು ರಾತ್ರಿಯೆಲ್ಲ ಚಿವುಟಿ ನೋಡಿಕೊಂಡು ಕ್ಯಾನ್ಸರು ಕಾಲಿಗಿಳಿಯಿತೆಂದು ತೀರ್ಮಾನಿಸಿಬಿಟ್ಟಿದ್ದೆ.

ಇವೆಲ್ಲವೂ ನಿಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ಇರಬಹುದು, ಇರಬೇಕು ಕೂಡ. ಆದರೆ ಅದನ್ನೇ ಲಾರಿ ಚಾಲಕರು ಹೇಳಿದಾಗ, ಹೇಳುವ ದೇಹವೇ ಎದುರಿಗೆ ಸಾಕ್ಷಿಯಾಗಿ ಮಲಗಿರುತ್ತದೆ.

ಅವರ ಕಥೆ ಇನ್ನೂ ಸ್ವಲ್ಪ ಉಳಿದಿದೆ. ಅಂಥ ದೊಡ್ಡ ಹೊಟ್ಟೆಯ ಆಪರೇಷನ್ ಆದವರಿಗೆ ಕರುಳು ಮತ್ತೆ ಚಲಿಸುವವರೆಗೆ ಬಾಯಿಗೆ ಏನೂ ಕೊಡುತ್ತಿರಲಿಲ್ಲವಾದ್ದರಿಂದ, ಬೆಳಗಿನ ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು, ಮಧ್ಯಾಹ್ನ ಕಿರಿಯ ಡಾಕ್ಟರು, ರಾತ್ರಿ ಸಿಸ್ಟರು ಎಲ್ಲರೂ ಅವರನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಗ್ಯಾಸ್ ಹೋಯ್ತಾ?” ಕ್ರಮೇಣ ವಾರ್ಡಿನ ಇಡೀ ಸಾಲು ಆ ಸುದ್ದಿಗಾಗಿ ಕಾಯತೊಡಗಿತು. ಒಂದು ಮುಂಜಾನೆ ಆ ಶುಭವಾರ್ತೆ ಎಲ್ಲರಿಗೂ ಕೇಳುವಂತೆಯೇ ಬಂದಾಗ ಜೊತೆಗಿದ್ದವರು, ಆಯಾ, ಎದುರು ಹಾಸಿಗೆಯ ಅಜ್ಜ ಎಲ್ಲರೂ ಸರದಿಯಂತೆ ಬಂದು ಅಭಿನಂದಿಸಿ ಹೋದರು. “ನನ್ನ ಮದುವೇಲೂ ಇಷ್ಟು ಜನ ಮನಸಾರೆ ಹರಸಿರ್ಲಿಲ್ಲ” ಎಂದು ಅವರು ಗಂಜಿಯ ಲೋಟ ಕೈಗೆತ್ತಿಕೊಂಡರು. ಉಸಿರೆಳೆದು ಗೋಲಿಗಳನ್ನು ಮೇಲೇರಿಸುವ ಆ ಪ್ಲಾಸ್ಟಿಕ್ ಸ್ಪೈರೋಮೀಟರು ಇದೆಯಲ್ಲ, ಅದನ್ನು ತಂದುಕೊಟ್ಟ ಫಿಸಿಯೋಥೆರಪಿಯ ಹುಡುಗಿಯ ಮುಂದೆಯೇ “ಒಂದು ಕಿತ್ಕೊಂಡು ಮೂರು ಕೊಟ್ರು ನೋಡಿ ಮೇಷ್ಟ್ರೇ, ಸರ್ಕಾರದ ಲೆಕ್ಕ” ಎಂದಿದ್ದರು. ವೇದಿಕೆಯ ಮೇಲಿನ ಹಿರಿಯರು ಕ್ಷಮಿಸಬೇಕು. ಹಿಂದಿನ ಸಾಲಿನವರು ನಗುತ್ತಿದ್ದಾರೆ, ಅವರನ್ನು ನಗಿಸುವುದಕ್ಕಾಗಿಯೇ ಹೇಳಿದೆ.

ಸ್ತನ ಕ್ಯಾನ್ಸರಿನ ಹೆಣ್ಣುಮಕ್ಕಳು ಈ ವ್ಯವಸ್ಥೆಯನ್ನು ಎಂದೋ ಕಟ್ಟಿಕೊಂಡರು. ಅಮೆರಿಕದ ಟೆರೀಸ್ ಲ್ಯಾಸರ್ ಎಂಬ ಮಹಿಳೆ ಸ್ತನ ತೆಗೆಸಿಕೊಂಡ ನಂತರ ಮುಂದೇನೆಂದು ಹೇಳುವವರು ಯಾರೂ ಇಲ್ಲದ್ದನ್ನು ಕಂಡು, 1952ರಲ್ಲಿ ತಾನೇ ಆಸ್ಪತ್ರೆಗಳಿಗೆ ಹೋಗಿ ಶಸ್ತ್ರಚಿಕಿತ್ಸೆಯಾದ ಹೆಂಗಸರ ಹಾಸಿಗೆಯ ಬಳಿ ಕೂರಲು ಆರಂಭಿಸಿದರು. ಮೊದಮೊದಲು ಇದು ವೈದ್ಯರಿಗೆ ಹಿಡಿಸಲಿಲ್ಲ. 1969ರಲ್ಲಿ ಅಮೆರಿಕದ ಕ್ಯಾನ್ಸರ್ ಸೊಸೈಟಿಯೇ ಆ ಕಾರ್ಯಕ್ರಮವನ್ನು ತನ್ನದಾಗಿಸಿಕೊಂಡಿತು. ಗಂಡಸರಾದ ನಾವು ಇನ್ನೂ ಹರ್ನಿಯಾದಲ್ಲೇ ಇದ್ದೇವೆ.

ಬೆಂಬಲಕ್ಕೆ ಜನ ಸಿಗುವುದಿಲ್ಲ ಎಂಬ ಮಾತನ್ನು ಇಲ್ಲಿ ಒಪ್ಪಲಾಗುವುದಿಲ್ಲ, ಏಕೆಂದರೆ ಇಷ್ಟು ಗುಣವಾಗುವ ಕ್ಯಾನ್ಸರು ಕಡಿಮೆ. ಅಮೆರಿಕದ ಮಿಷಿಗನ್ನಿನಲ್ಲಿ ವಿಜ್ಞಾನಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿಗೆ ವಿದ್ಯುತ್ ಹರಿಸಿ ನೋಡುತ್ತಿದ್ದಾಗ ಅವುಗಳ ವಿಭಜನೆಯನ್ನು ನಿಲ್ಲಿಸಿದ್ದು ವಿದ್ಯುತ್ತಲ್ಲ, ತಂತಿಯ ಪ್ಲಾಟಿನಂ ಎಂದು ಗೊತ್ತಾಗಿ 1965ರಲ್ಲಿ ಪ್ರಕಟವಾಯಿತು. ಅದರಿಂದ ಬಂದ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿಯನ್ನು 1974ರಲ್ಲಿ ಇಂಡಿಯಾನಾದ ವೈದ್ಯ ಲಾರೆನ್ಸ್ ಐನ್‌ಹಾರ್ನ್ ಬೇರೆ ಔಷಧಿಗಳೊಂದಿಗೆ ಸೇರಿಸಿ ಸಾವಿನ ಅಂಚಿನಲ್ಲಿದ್ದ ಜಾನ್ ಕ್ಲೀಲ್ಯಾಂಡ್ ಎಂಬ ತರುಣನಿಗೆ ಕೊಟ್ಟರು. ಆತ ಬದುಕಿದ, ಮುಂದೆ ಜೀವಶಾಸ್ತ್ರದ ಮೇಷ್ಟ್ರಾದ. ನಮ್ಮ ವೃತ್ತಿಯವನೆಂದು ನನಗೆ ಸ್ವಲ್ಪ ಹೆಮ್ಮೆ. ಅದಕ್ಕೂ ಮುಂಚೆ ರೋಗ ಹರಡಿದ್ದ ಹತ್ತು ಜನರಲ್ಲಿ ಒಬ್ಬ ಉಳಿಯುವುದೂ ಕಷ್ಟವಿತ್ತು. ಇಂದು ಸರಿಯಾಗಿ ಚಿಕಿತ್ಸೆ ಪಡೆದವರಲ್ಲಿ ಬಹುಪಾಲು ಜನ ಬದುಕುತ್ತಾರೆ. ಹಾಗೆ ಬದುಕಿದವರು ಎಲ್ಲಿದ್ದಾರೆಂಬುದು ನಿಮ್ಮ ಕಡತಗಳಲ್ಲಿದೆ ಎಂದು ಮತ್ತೊಮ್ಮೆ ಹೇಳುತ್ತೇನೆ.

ಖ್ಯಾತನಾಮರ ಉದಾಹರಣೆ ಸಾಲದೇ ಎಂದು ಕೆಲವರು ಕೇಳುತ್ತಾರೆ. 2011ರ ವಿಶ್ವಕಪ್ಪಿನಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಐರ್ಲೆಂಡಿನ ವಿರುದ್ಧ ಐದು ವಿಕೆಟ್ ಕಿತ್ತು ಅರ್ಧ ಶತಕವನ್ನೂ ಹೊಡೆದ ಯುವರಾಜ್ ಸಿಂಗ್ ಅವರ ಗಡ್ಡೆ ಇದ್ದದ್ದು ಎರಡು ಶ್ವಾಸಕೋಶಗಳ ನಡುವೆಯಾದರೂ ಅದು ನಮ್ಮ ರೋಗದ ಕುಲಕ್ಕೇ ಸೇರಿದ್ದು, ಮತ್ತು 2012ರಲ್ಲಿ ಅವರು ಚಿಕಿತ್ಸೆಗೆ ಹೋದದ್ದು ಅದೇ ಐನ್‌ಹಾರ್ನ್ ಅವರ ಬಳಿಗೆ. ಆಗ ನಮ್ಮ ಅನಿಲ್ ಕುಂಬ್ಳೆಯವರು ಅಮೆರಿಕದಲ್ಲಿ ಅವರನ್ನು ಕಂಡು, ಕ್ರಿಕೆಟ್ ವಿಡಿಯೊಗಳನ್ನೇ ನೋಡುತ್ತಿದ್ದವರ ಲ್ಯಾಪ್‌ಟಾಪನ್ನು ಮುಚ್ಚಿ, ಮೊದಲು ಆರೋಗ್ಯ ನೋಡಿಕೊಳ್ಳುವಂತೆ ಹೇಳಿದ್ದನ್ನು ಯುವರಾಜರೇ ನೆನಪಿಸಿಕೊಂಡಿದ್ದಾರೆ. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜು ಸುತ್ತಿಕೊಂಡು ಬೌಲಿಂಗ್ ಮಾಡಿದವರು ಹೇಳಿದರೆ ಯಾರು ತಾನೇ ಕೇಳುವುದಿಲ್ಲ? ಆದರೆ ಗಮನಿಸಿ, ಯುವರಾಜರಿಗೂ ಬೇಕಾದದ್ದು ಪಕ್ಕಕ್ಕೆ ಬಂದು ಕೂರುವ ಒಬ್ಬ ಮನುಷ್ಯ. ಗೋಡೆಯ ಮೇಲೆ ಯುವರಾಜರ ಚಿತ್ರ ಅಂಟಿಸಿದರೆ ನಮ್ಮ ಹುಡುಗನಿಗೆ ಧೈರ್ಯ ಬರಬಹುದು. ‘ಮೂತ್ರಕ್ಕೆ ಹಾಕಿದ ನಳಿಗೆ ತೆಗೆದ ಮೇಲೆ ಉರಿ ಎಷ್ಟು ಹೊತ್ತು ಇರುತ್ತದೆ’ ಎಂದು ಆತ ಚಿತ್ರವನ್ನು ಕೇಳಲಾರ.

ಪಕ್ಕದಲ್ಲಿ ಕೂರುವವರಿಂದ ಅಪಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಸೆಮಿನೋಮಾ ಎಂಬ ಬಗೆಯ ಗಡ್ಡೆಯವನು ಬೇರೆ ಬಗೆಯ ಗಡ್ಡೆಯವನಿಗೆ ‘ನನಗೆ ಹೀಗಾಯಿತು, ನಿನಗೂ ಹೀಗೇ’ ಎಂದು ಹೇಳಕೂಡದು. ರಕ್ತದ ಮಾರ್ಕರುಗಳ, ಎಂದರೆ ಗಡ್ಡೆ ರಕ್ತಕ್ಕೆ ಬಿಡುವ ಸುಳಿವಿನ ಪದಾರ್ಥಗಳ, ವಿಷಯದಲ್ಲಂತೂ ಎಚ್ಚರ ಬೇಕು: ಗಡ್ಡೆ ತೆಗೆದ ಮೇಲೆ ಅವುಗಳಲ್ಲಿ ಬೀಟಾ ಎಚ್‌ಸಿಜಿ ಒಂದೂವರೆ ದಿನದೊಳಗೆ ಅರ್ಧಕ್ಕಿಳಿಯುವಂಥದ್ದು, ಎಎಫ್‌ಪಿ ಅರ್ಧಕ್ಕಿಳಿಯಲು ಐದರಿಂದ ಏಳು ದಿನ ಬೇಕು, ಹಾಗಾಗಿ ಒಬ್ಬನ ಅಂಕಿಯನ್ನು ಇನ್ನೊಬ್ಬನ ಅಂಕಿಯ ಪಕ್ಕ ಇಟ್ಟು ಲೆಕ್ಕ ಹಾಕುವುದು ಗಣಿತದ ಮೇಷ್ಟ್ರಿಗೂ ನಿಷಿದ್ಧ. ಗಿಡಮೂಲಿಕೆ ಪುಡಿಯ ಪೊಟ್ಟಣ ಹಿಡಿದು ಬರುವವನನ್ನು ಬಾಗಿಲಲ್ಲೇ ತಡೆಯಿರಿ. ಬೇಡ ಎನ್ನುವ ರೋಗಿಗೆ ಬೇಡ. ನಂಬರು ಬರೆದಿಟ್ಟು ಬಂದರೆ ಸಾಕು. ಗುಣವಾದವರ ಒಪ್ಪಿಗೆಯನ್ನು ತಪಾಸಣೆಗೆ ಬಂದಾಗಲೇ ಬರಹದಲ್ಲಿ ಪಡೆದು, ಅವರಿಗೆ ಒಂದಿಷ್ಟು ತರಬೇತಿ ಕೊಟ್ಟು, ಯಾವ ಮಾತಿನ ಬಳಿ ನಿಲ್ಲಬೇಕೆಂದು ತಿಳಿಸಿಕೊಡಬೇಕು. ಎಲ್ಲರೂ ಗುಣವಾಗುವುದಿಲ್ಲ ಎಂಬುದನ್ನೂ ಅವರು ಅರಿತಿರಬೇಕು. ನಾನು ಕೂತು ಬಂದ ಹಾಸಿಗೆಗಳಲ್ಲಿ ಕೆಲವು ಖಾಲಿಯಾದ ಬಗೆ ಬೇರೆ.

ಅಧ್ಯಕ್ಷರು ಗಡಿಯಾರ ನೋಡಿದರು. ನನ್ನ ಟಿಪ್ಪಣಿಯಲ್ಲಿ ಇನ್ನೂ ನಾಲ್ಕು ವಿಷಯಗಳಿವೆ, ಒಂದನ್ನಾದರೂ ಪೂರ್ತಿ ಹೇಳಲು ಅವಕಾಶ ಕೊಡಬೇಕು. ಕೀಮೋ ಶುರುವಾಗುವ ಮೊದಲು ವೀರ್ಯವನ್ನು ಶೇಖರಿಸಿಡುವ ವಿಚಾರ ಅದು. ಉಳಿದಿರುವ ಒಂದು ವೃಷಣ ಚೆನ್ನಾಗಿದ್ದರೆ ಹಾರ್ಮೋನಿಗೂ ಮಕ್ಕಳಿಗೂ ಸಾಮಾನ್ಯವಾಗಿ ಸಾಕು. ಆದರೆ ಕೀಮೋ ಆ ಸಾಮರ್ಥ್ಯವನ್ನು ಕುಗ್ಗಿಸಬಹುದು, ಹೊಟ್ಟೆಯ ಆಪರೇಷನ್ನಿನಲ್ಲಿ ನರಗಳಿಗೆ ಪೆಟ್ಟಾದರೆ ಸ್ಖಲನವೇ ಒಣಗಬಹುದು. ಮದುವೆಯಾಗದ ಇಪ್ಪತ್ತೆರಡರ ಹುಡುಗನ ಮುಂದೆ, ಅದೂ ಅವನ ತಾಯಿ ಪಕ್ಕದಲ್ಲಿರುವಾಗ, ಈ ಮಾತನ್ನು ಎತ್ತಲು ನಿಮ್ಮ ಕಿರಿಯ ವೈದ್ಯರು ಎಷ್ಟು ತಡವರಿಸುತ್ತಾರೆಂದು ನಾನು ನೋಡಿದ್ದೇನೆ. ಅಂಥಲ್ಲಿ ನಮ್ಮವನೊಬ್ಬ ‘ಅಮ್ಮಾ, ನೀವು ಸ್ವಲ್ಪ ಕಾಫಿ ಕುಡಿದು ಬನ್ನಿ’ ಎಂದು ಆಕೆಯನ್ನು ಕಳಿಸಿ, ತನ್ನ ಮಗಳ ಫೋಟೊವನ್ನು ಫೋನಿನಲ್ಲಿ ತೋರಿಸಿ, ಐದು ನಿಮಿಷದಲ್ಲಿ ವಿಷಯ ಮುಗಿಸುತ್ತಾನೆ. ಹುಡುಗ ಮರುದಿನ ತಾನಾಗಿಯೇ ಡಾಕ್ಟರನ್ನು ಕೇಳುತ್ತಾನೆ. ವರದಿ ಬಂದು ಕೀಮೋದ ದಿನಾಂಕ ಗೊತ್ತಾದ ಮೇಲೆ ನಾವು ಬಂದರೆ ಇದಕ್ಕೆ ಸಮಯವೇ ಇರುವುದಿಲ್ಲ, ಅದಕ್ಕಾಗಿಯೇ ವರದಿಗೆ ಮುಂಚೆ ಎಂದು ಹಟ ಹಿಡಿಯುತ್ತಿದ್ದೇನೆ.

ಉಳಿದವನ್ನು ಓದಿಬಿಡುತ್ತೇನೆ. ಬ್ಲಿಯೋಮೈಸಿನ್ ಎಂಬ ಕೀಮೋ ಔಷಧಿ ತೆಗೆದುಕೊಂಡವನು ಮುಂದೆ ಯಾವ ಆಪರೇಷನ್ನಿಗೆ ಹೋದರೂ ಅರಿವಳಿಕೆಯ ವೈದ್ಯರಿಗೆ ಅದನ್ನು ಹೇಳಲೇಬೇಕೆಂದು ಅವನ ತಲೆಯಲ್ಲಿ ಕೂರಿಸುವುದು. ಸಿಸ್‌ಪ್ಲಾಟಿನ್ ನಂತರದ ಕಿವಿಯ ಗುಂಯ್‌ಗುಟ್ಟುವಿಕೆ. ಸಿಲಿಕೋನಿನ ಕೃತಕ ವೃಷಣ ಬೇಕೇ ಬೇಡವೇ ಎಂಬ ಪ್ರಶ್ನೆ. ಅದಕ್ಕೆ ಹಿಂದಿನ ಸಾಲಿನವರಲ್ಲೇ ಎರಡು ಪಕ್ಷಗಳಿವೆ, ಚಹಾದ ಹೊತ್ತಿನಲ್ಲಿ ವಿಚಾರಿಸಿ. ದಾಖಲೆ ವಿಭಾಗದ ಮುಖ್ಯಸ್ಥರು ಈ ಸಭೆಯಲ್ಲಿದ್ದಾರೆಂದು ಕೇಳಿದೆ. ಒಪ್ಪಿಗೆ ಪತ್ರದ ಒಂದು ಕರಡನ್ನು ಸಮಾಜಸೇವಾ ವಿಭಾಗದವರ ಜೊತೆ ಕೂತು ಬರೆದು ತಂದಿದ್ದೇನೆ. ಒಂದೇ ಪುಟ, ಕನ್ನಡದಲ್ಲಿದೆ. ಊಟಕ್ಕೆ ಮುಂಚೆ ಅವರು ಅದನ್ನು ಒಮ್ಮೆ ನೋಡಿ ತಿದ್ದಿಕೊಟ್ಟರೆ ಮುಂದಿನ ವಾರದ ತಪಾಸಣೆಗೆ ಬರುವವರಿಂದಲೇ ಸಹಿ ಪಡೆಯಲು ಶುರು ಮಾಡಬಹುದು.