ಪಟ್ಣ ಐಲ್ಯಾಂಡ್ ಕಣ್ರಪ್ಪ, ಐಲ್ಯಾಂಡ್!

ನಮಸ್ಕಾರ ಕಣ್ರಪ್ಪ. ಊಟ ಆಯ್ತಾ ಎಲ್ರುದೂ? ಆಗಿಲ್ಲ ಅಂದ್ರೆ ಮುದ್ದೆ ಮುರೀತಾನೇ ಕೇಳುಸ್ಕಳಿ, ಇವತ್ತು ನಂಗೆ ಪಿತ್ತ ನೆತ್ತಿಗೇರೈತೆ, ನಿಮ್ದು ಊಟ ಮುಗಿಯೋವರೆಗೂ ಕಾಯೋ ತಾಳ್ಮೆ ಇಲ್ಲ.

ಆಗಿದ್ದಿಷ್ಟು. ಹೋದ ವಾರದ ವಿಡಿಯೋದಲ್ಲಿ ಮಾತಿಗೆ ಮಾತು ಬಂದು, ನಮ್ಮ ಶ್ರೀರಂಗಪಟ್ಣ ಒಂದು ಐಲ್ಯಾಂಡು, ಅದೂ ಬ್ರಿಟಿಷರ ಕೈಲಿದ್ದ ಐಲ್ಯಾಂಡು, ಒಂದಿನ ಸುಮ್ನೆ ಹೋಗ್ಬನ್ನಿ ಅಂದೆ. ಅಷ್ಟೇ ಅಂದಿದ್ದು. ಕೆಳಗೆ ಒಬ್ಬ ಮಾರಾಯ ಹಾಕವ್ನೆ, "ಅಣ್ಣ ಪಟ್ಣ ಹೆಂಗಣ್ಣ ಐಲ್ಯಾಂಡ್ ಆಯ್ತದೆ, ಸಮುದ್ರಾನೇ ಇಲ್ವಲ್ಲ, ವ್ಯೂಸ್‌ಗೋಸ್ಕರ ಏನೇನೋ ಬಿಡ್ಬೇಡಿ." ಅದರ ಮುಂದೆ ನಗೋ ಮುಖ ಆರು. ನಾನು ಎಣಿಸ್ದೆ, ಆರು. ಯಾರಪ್ಪ ಇವ್ನು ಅಂತ ಪ್ರೊಫೈಲ್ ಒತ್ತಿ ನೋಡಿದ್ರೆ ಮೈಸೂರಿನವ್ನು, ಫೋಟೋದಲ್ಲಿ ಕೂಲಿಂಗ್ ಗ್ಲಾಸ್ ಹಾಕ್ಕಂಡು ತೆಪ್ಪದಲ್ಲಿ ನಿಂತವ್ನೆ. ಎಲ್ಲಿ? ಪಟ್ಣದ ಸಂಗಮದಲ್ಲಿ! ಲೋ ತಮ್ಮ, ನೀನು ನಿಂತಿರೋ ಜಾಗದಲ್ಲೇ ಕಣೋ ಎರಡು ಕಡೆಯಿಂದ ಸುತ್ಕಂಡು ಬಂದ ಕಾವೇರಿ ಮತ್ತೆ ಒಂದಾಗೋದು. ಅದಕ್ಕೇ ಅದರ ಹೆಸ್ರು ಸಂಗಮ. ನಿನ್ ಕಾಲ್ ಕೆಳಗೇ ಸಾಕ್ಷಿ ಹರೀತೈತೆ, ನೀನು ಸೆಲ್ಫಿ ತಗೀತಿದ್ದೀಯ.

ಐಲ್ಯಾಂಡ್ ಅಂದ್ರೆ ಸುತ್ತ ನೀರಿರ್ಬೇಕು ಅಷ್ಟೇ. ಉಪ್ಪುನೀರೇ ಇರ್ಬೇಕು ಅಂತ ಯಾವ ಮೇಷ್ಟ್ರು ಹೇಳ್ಕೊಟ್ರು ನಿಂಗೆ? ಕಾವೇರಿ ಮೇಲಿಂದ ಬರ್ತಾ ಎರಡು ಕವಲಾಗ್ತಾಳೆ, ಮಧ್ಯದಲ್ಲಿ ಸುಮಾರು ಐದು ಕಿಲೋಮೀಟರ್ ಉದ್ದದ ನೆಲ ಬುಡ್ತಾಳೆ, ಆಚೆ ತುದಿಯಲ್ಲಿ ಕೂಡ್ಕತಾಳೆ. ರಂಗನಾಥ ಮಲಗಿರೋದೇ ಆ ನೆಲದ ಮೇಲೆ. ನಮ್ದು ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳ್ನಾಡಿನ ಶ್ರೀರಂಗದಲ್ಲಿ ಅಂತ್ಯರಂಗ, ಮೂರೂ ಕಾವೇರಿ ನಡುವಿನ ದ್ವೀಪಗಳೇ. ನಮ್ ಸ್ವಾಮಿಗೆ ಐಲ್ಯಾಂಡ್ ಬುಟ್ಟು ಬೇರೆ ಕಡೆ ನಿದ್ದೆ ಬರಲ್ಲ.

ಇನ್ನೊಂದು ಟೆಸ್ಟ್ ಹೇಳ್ತೀನಿ. ಮಂಡ್ಯದಿಂದ ಮೈಸೂರಿಗೆ ರೈಲಲ್ಲಿ ಹೋಗ್ತಿರ್ತೀರಲ್ಲ, ಮೊಬೈಲ್ ಪಕ್ಕಕ್ಕಿಟ್ಟು ಕಿವಿ ಬುಟ್ಕಂಡು ಕೂತ್ಕಳಿ. ಪಾಂಡವಪುರ ಸ್ಟೇಷನ್ ಬುಟ್ಮೇಲೆ ಒಂದು ಕಡೆ ಸದ್ದು ಬದಲಾಗ್ತದೆ, ಟಕಟಕ ಅಂತಿದ್ದಿದ್ದು ದಡದಡ ಅಂತದೆ, ಕೆಳಗೆ ಬಂಡೆ ನೀರು. ಆಮೇಲೆ ಪಟ್ಣದ ಸ್ಟೇಷನ್. ಕಡ್ಲೆಕಾಯಿ ಮಾರೋಳು ಹತ್ತಿ ನಿಮ್ ಬೋಗಿ ದಾಟಿ ಹೋಗಿರಲ್ಲ, ಮತ್ತೆ ದಡದಡ. ಎರಡು ಸಲ! ಒಂದೇ ನದಿನ ಎರಡು ಸಲ ಯಾಕ್ ದಾಟ್ತೀರಿ? ರೈಲ್ವೆಯವ್ರಿಗೆ ಕಬ್ಬಿಣ ಜಾಸ್ತಿ ಆಗಿತ್ತಾ?

ಐಲ್ಯಾಂಡ್ ಕಣ್ರಪ್ಪ. ಐಲ್ಯಾಂಡ್.

ಇದರ ಮಧ್ಯೆ ನಮ್ ಬಾಮೈದ. ಅವ್ನು ಆಫೀಸಿನವ್ರ ಜೊತೆ ದಿಯುಗೆ ಹೋಗವ್ನೆ, ಗುಜರಾತಿನ ಪಕ್ಕ, ಎರಡು ರಾತ್ರಿ. ಬೆಳಗ್ಗೆಯಿಂದ ಸ್ಟೇಟಸ್ಸೋ ಸ್ಟೇಟಸ್ಸು. "ಭಾವ, ಎಷ್ಟ್ ಪ್ರಶಾಂತವಾಗೈತೆ ಗೊತ್ತಾ, ಪೋರ್ಚುಗೀಸರ ಕೋಟೆ ಭಾವ, ಹಳೇ ಚರ್ಚು ಭಾವ, ನಮ್ ಕಡೆ ಇಂಥದ್ದು ಒಂದೂ ಇಲ್ಲ ಭಾವ." ನೋಡಿ, ದಿಯು ಚೆನ್ನಾಗಿಲ್ಲ ಅಂತ ನಾನು ಹೇಳಲ್ಲ, ಒಳ್ಳೇ ಊರು, 1535ರಿಂದ 1961ರವರೆಗೂ ಪೋರ್ಚುಗೀಸರು ಕೂತಿದ್ದ ಜಾಗ, ನೋಡ್ಬೇಕಾದ್ದೇ. ಆದ್ರೆ "ನಮ್ ಕಡೆ ಇಂಥದ್ದು ಇಲ್ಲ" ಅಂದ್ನಲ್ಲ, ಅಲ್ಲಿ ನಂಗೆ ಉರೀತು. ಇವ್ನು ಹುಟ್ಟಿದ್ದು ಪಟ್ಣದಿಂದ ಎಂಟು ಕಿಲೋಮೀಟರ್ ದೂರದಲ್ಲಿ! ಕೋಟೆ ಬೇಕಾ, ಐತೆ. ಚರ್ಚ್ ಬೇಕಾ, ಗಂಜಾಂನಲ್ಲಿ ಐತೆ. ದೊರೆಗಳ ಸಮಾಧಿ ಬೇಕಾ, ಮುನ್ನೂರರ ಮೇಲವೆ.

ಒಂದ್ ನಿಮಿಷ, ಮರೆಯೋಕ್ ಮುಂಚೆ. ನಮ್ಮ ಚಿಕ್ಕಮಾವನ ಆಲೆಮನೆ ಬೆಲ್ಲ ಈ ಸಲ ಚೆನ್ನಾಗಿ ಬಂದೈತೆ, ಕಪ್ಪಗೆ ಇರ್ತದೆ, ಕಪ್ಪಗಿದ್ರೇ ಬೆಲ್ಲ. ಬೆಳ್ಳಗಿರೋದು ಬೇಕು ಅನ್ನೋರು ಸಕ್ರೆ ತಿನ್ನಿ. ನಂಬರ್ ಕೆಳಗಡೆ ಹಾಕಿರ್ತೀನಿ. ಬೆಲ್ ಬಟನ್ನೂ ಒತ್ತಿ. ಸರಿ, ಎಲ್ಲಿದ್ದೆ? ಹಾಂ, ದೊರೆಗಳು.

1799ನೇ ಇಸ್ವಿ ಮೇ 4, ಕೋಟೆ ಬಿತ್ತು, ಟಿಪ್ಪು ಸತ್ತ. ಟಿಪ್ಪು ವಿಚಾರಕ್ಕೆ ಕಾಮೆಂಟಲ್ಲಿ ಕಿತ್ತಾಡ್ಬೇಡಿ ಅಂತ ಕೈ ಮುಗೀತೀನಿ, ಇದು ಆ ವಿಡಿಯೋ ಅಲ್ಲ. ನಾನು ಹೇಳ್ತಿರೋದು ಆಮೇಲಿನ ಕಥೆ, ಯಾರೂ ಹೇಳದೇ ಇರೋ ಕಥೆ. ಮೈಸೂರನ್ನ ಒಡೆಯರಿಗೆ ವಾಪಸ್ ಕೊಟ್ರು, ಗೊತ್ತು. ಪಟ್ಣ? ಕೊಡ್ಲಿಲ್ಲ! ಐಲ್ಯಾಂಡನ್ನ ಕಂಪನಿಯವ್ರು ತಮ್ಮ ಹತ್ರಾನೇ ಇಟ್ಕಂಡ್ರು. ಸುತ್ತ ಮೈಸೂರು ಸೀಮೆ, ಮಧ್ಯದಲ್ಲಿ ಈ ತುಂಡು ನೆಲ ಮಾತ್ರ ಬ್ರಿಟಿಷರದ್ದು. ಆಮೇಲೆ ಅದನ್ನ ಮೈಸೂರು ಸರ್ಕಾರಕ್ಕೇ ಗುತ್ತಿಗೆಗೆ ಕೊಟ್ಟು ವರ್ಷಕ್ಕೆ 50,000 ರೂಪಾಯಿ ಎಣಿಸ್ಕತಿದ್ರು. ಅಂದ್ರೆ ಏನಾಯ್ತು, ಸಾವಿರ ವರ್ಷದಿಂದ ಮಲಗಿರೋ ರಂಗನಾಥ ಬಾಡಿಗೆ ಮನೇಲಿದ್ದ ಹಂಗಾಯ್ತು. ನಡುವೆ 1831ರಲ್ಲಿ ಒಡೆಯರ ಕೈಯಿಂದ ಆಡಳಿತಾನೂ ಕಿತ್ಕಂಡಿದ್ರಲ್ಲ, 1881ರಲ್ಲಿ ಆ ರಾಜ್ಯ ವಾಪಸ್ ಕೊಡುವಾಗ ಬೆಂಗ್ಳೂರು ಕಂಟೋನ್ಮೆಂಟನ್ನ ತಗಂಡು ಪಟ್ಣವ ಬುಟ್ಕೊಟ್ರು. ಎಕ್ಸ್‌ಚೇಂಜ್ ಆಫರ್! ಎಂಬತ್ತೆರಡು ವರ್ಷ ಕಣ್ರಪ್ಪ. ಇದಕ್ಕಿಂತ ಇನ್ನೇನ್ ಬೇಕು ನಿಮಗೆ, ಬ್ರಿಟಿಷ್ ಐಲ್ಯಾಂಡ್ ಅಂತ ಹಣೆ ಮೇಲೆ ಬರೀಬೇಕಾ?

ಬೆಂಗ್ಳೂರು ಅಂದ್ಮೇಲೆ ನೆನಪಾಯ್ತು. ಇವರ ಪಟಾಲಂ ಮೊದ್ಲು ಇದ್ದಿದ್ದೇ ಪಟ್ಣದಲ್ಲಿ. ಸೊಳ್ಳೆ, ಚಳಿಜ್ವರ, ತಡಿಯೋಕಾಗ್ದೆ 1809ರಲ್ಲಿ ಬೆಂಗ್ಳೂರಿಗೆ ಗಂಟುಮೂಟೆ ಕಟ್ಟಿದ್ರು, ಕಂಟೋನ್ಮೆಂಟ್ ಶುರುವಾಗಿದ್ದು ಹಂಗೆ. ಅಂದ್ರೆ ಬೆಂಗ್ಳೂರಿನ ಆ ಅಗಲದ ರಸ್ತೆ, ಬಂಗ್ಲೆ, ಕೇಕ್ ಅಂಗಡಿ, ಎಲ್ಲಾ ನಮ್ಮ ಪಟ್ಣದ ಸೊಳ್ಳೆ ಕೊಟ್ಟ ಭಿಕ್ಷೆ. ಮುಂದಿನ ಸಲ ಅಲ್ಲಿನವ್ರು ಯಾರಾದ್ರೂ ಮಂಡ್ಯದವ್ರು ಅಂತ ನಕ್ರೆ ಇದನ್ನ ಹೇಳಿ.

ಬುಧವಾರ ಹೋಗಿದ್ದೆ ನಾನು. ಈ ಕಾಮೆಂಟ್ ನೋಡಿ ತಡೀಲಾರ್ದೆ, ಬೆಳಗ್ಗೆ ಪ್ಯಾಸೆಂಜರ್ ಹತ್ಕಂಡು ಒಬ್ನೇ. ಸ್ಟೇಷನ್ ಇಳಿದ್ರೆ ಕೋಟೆ ಒಳಗೇ ಇಳಿದಂಗೆ. ಮೊದ್ಲು ಬೇಲಿ ಸಾಹೇಬನ ಸೆರೆಮನೆಗೆ ಹೋದೆ, ಬೇಲಿ ಅಂದ್ರೆ ಕಂಪನಿ ಸೈನ್ಯದ ಒಬ್ಬ ಕರ್ನಲ್ಲು. ಅದ್ರೊಳಗೆ ಇಳಿದ್ರೆ ಬೇಸಿಗೆಲೂ ತಣ್ಣಗಿರ್ತದೆ, ಗೋಡೆಲಿ ಕೈ ಕಟ್ಟಿ ಹಾಕೋಕೆ ತೂತು ಕೊರೆದ ಕಲ್ಲುಗಳು ಚಾಚ್ಕಂಡವೆ, ಕಲ್ಲು ನುಣ್ಣಗಾಗೈತೆ, ನಾನೂ ಒಂದ್ಸಲ ತೂತಿನ ಮೇಲೆ ಬೆರಳಾಡಿಸ್ದೆ. 1780ರಲ್ಲಿ ಪೊಲ್ಲಿಲೂರು ಯುದ್ಧದಲ್ಲಿ ಸಿಕ್ಕಾಕ್ಕಂಡ ಬೇಲಿ ಎರಡು ವರ್ಷಕ್ಕೆ ಸೆರೆಯಲ್ಲೇ ಸತ್ತ. ಅವ್ನ ಜೊತೆ ಸಿಕ್ಕಿದ್ದ ಇನ್ನೊಬ್ಬ ಡೇವಿಡ್ ಬೇರ್ಡ್ ಅಂತ, ಅವ್ನು ಮೂರುವರೆ ವರ್ಷಕ್ಕಿಂತ ಜಾಸ್ತಿ ಪಟ್ಣದಲ್ಲಿ ಬೇಡಿ ಹಾಕ್ಕಂಡಿದ್ದು ಬದುಕಿ ಹೋದ. 1799ರಲ್ಲಿ ಕೋಟೆ ಮೇಲೆ ನುಗ್ಗಿದ ಪಡೆಗೆ ಮುಂದಾಳು ಯಾರು? ಅದೇ ಬೇರ್ಡ್! ಇಷ್ಟೆಲ್ಲಾ ಮಾಡಿ, ಇನ್ನೇನು ಪಟ್ಣ ನಂದೇ ಅಂತ ಅರಮನೇಲಿ ಕೂತವ್ನಿಗೆ ಮಾರನೇ ದಿನ ಎದ್ದೇಳಪ್ಪ ಅಂದ್ರು. ಅಧಿಕಾರ ಹೋಗಿದ್ದು ಅವ್ನಿಗಿಂತ ಕೆಳಗಿನ ಆರ್ಥರ್ ವೆಲ್ಲೆಸ್ಲಿಗೆ. ಯಾಕೆ? ಅವ್ರಣ್ಣ ಗವರ್ನರ್ ಜನರಲ್ಲು. ಅಣ್ಣ ಇದ್ರೆ ಆವಾಗ್ಲೂ ನಡೀತಿತ್ತು, ಈವಾಗ್ಲೂ ನಡೀತದೆ, ನಮ್ ತಾಲ್ಲೂಕಲ್ಲೂ ನಡೀತದೆ, ಬುಡಿ. ಆ ತಮ್ಮ ದರಿಯಾ ದೌಲತ್‌ನಲ್ಲಿ, ಅದೇ ಟಿಪ್ಪು ಬೇಸಿಗೆ ಅರಮನೇಲಿ, ಮನೆ ಮಾಡ್ಕಂಡಿದ್ದ, ಆಮೇಲೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನ್ನೇ ಸೋಲಿಸ್ದ. ನೆಪೋಲಿಯನ್ ಸೋಲ್ಸಿದವ್ನು ಓಡಾಡಿದ ವರಾಂಡದಲ್ಲಿ ನೀವು ಸೌತೆಕಾಯಿ ಕಾರ ತಿಂದು ಬರ್ತೀರಿ, ಬಂದು ಪಟ್ಣದಲ್ಲಿ ಏನೈತೆ ಅಂತೀರಿ.

ಅಲ್ಲಿಂದ ಗ್ಯಾರಿಸನ್ ಸ್ಮಶಾನಕ್ಕೆ ಹೋದೆ, ಬ್ರಿಟಿಷ್ ಪಟಾಲಂನವ್ರನ್ನ ಹೂತಿರೋ ಜಾಗ. ಹೊಳೆ ದಂಡೇಲೇ ಐತೆ, ಹೈವೇಯಿಂದ ಕೂಗಿದ್ರೆ ಕೇಳೋವಷ್ಟು ಹತ್ರ, ಹೋಗೋರು ಯಾರೂ ಇಲ್ಲ. ಒಳಗೆ ನಾನು, ಒಂದು ಮೇಕೆ, ಅಷ್ಟೇ. ಗೋಪುರದ ಥರ, ಮಂಟಪದ ಥರ, ಪೆಟ್ಟಿಗೆ ಥರ ಗಾರೆ ಸಮಾಧಿಗಳು. ಎಷ್ಟೋ ಜನ ಇಂಗ್ಲಿಷರೂ ಅಲ್ಲ, ಡಿ ಮ್ಯೂರಾನ್ ಅನ್ನೋ ಸ್ವಿಸ್ ಪಟಾಲಂನವ್ರು. ಸ್ವಿಟ್ಜರ್ಲೆಂಡ್‌ನಿಂದ ಬಂದು ನಮ್ ಕಾವೇರಿ ದಂಡೇಲಿ ಮಣ್ಣಾಗವ್ರೆ, ಅವ್ರ ಹೆಂಡ್ರು ಮಕ್ಕಳೂ. ಪಾಳು ಬಿದ್ದಿದ್ದನ್ನ ಆ ವಂಶದವ್ರೇ ಬಂದು ರಿಪೇರಿ ಮಾಡ್ಸಿ ಹೋದ್ರು. ಅಷ್ಟ್ ದೂರದವ್ರಿಗೆ ಈ ಐಲ್ಯಾಂಡ್ ಗೊತ್ತು. ಮೈಸೂರಿನವ್ನಿಗೆ ಗೊತ್ತಿಲ್ಲ! ಆ ಮೇಕೆಗೂ ಗೊತ್ತು, ದಿನಾ ಹೊಳೆ ದಂಡೇಲೇ ಇರ್ತದೆ.

ಪ್ರಶಾಂತ ಅಂತೆ ದಿಯು. ಅಲ್ಲಿ ಕೂತಿದ್ದಾಗ ನಂಗೆ ಕೇಳ್ತಿದ್ದಿದ್ದು ಹೊಳೇಲಿ ಬಟ್ಟೆ ಒಗೆಯೋ ಸದ್ದು ಒಂದೇ. ಬಟ್ಟೆ ಕಲ್ಲಿಗೆ ಬಿದ್ದು ಒಂದು ಗಳಿಗೆ ಬುಟ್ಟು ಸದ್ದು ಬರ್ತಿತ್ತು, ಆ ಹೆಂಗಸು ಅಷ್ಟು ದೂರ ಇದ್ಳು. ಅಣ್ಣ ಭಾನುವಾರ ನಿಮಿಷಾಂಬ ಹತ್ರ ಕಾಲಿಡೋಕೆ ಜಾಗ ಇರಲ್ಲ ಅಂತ ಈಗ್ಲೇ ಟೈಪ್ ಮಾಡ್ತಿದ್ದೀರ, ಗೊತ್ತು ನಂಗೆ. ಭಾನುವಾರ ನಿಮಿಷಾಂಬಕ್ಕೆ ಯಾಕಪ್ಪ ಹೋದೆ, ನಾನು ಹೇಳ್ದೆನಾ? ಬುಧವಾರ ಹೋಗು, ಸ್ಮಶಾನಕ್ಕೆ ಹೋಗು.

ಗಂಜಾಂ ಚರ್ಚಿಗೂ ಹೋದೆ. ಅಬ್ಬೆ ದುಬ್ವಾ ಅಂತ ಫ್ರೆಂಚ್ ಪಾದ್ರಿ, ತಲೆಗೆ ರುಮಾಲು ಸುತ್ಕಂಡು ನಮ್ಮವ್ರ ಥರಾನೇ ಇದ್ದವ್ನು, ಜನ ಅವ್ನನ್ನ ದೊಡ್ಡಸ್ವಾಮಿ ಅಂತಿದ್ರು, ಸಿಡುಬಿಗೆ ಲಸಿಕೆ ಹಾಕ್ಸೋಕೆ ಮೈಸೂರು ಸೀಮೆಲೆಲ್ಲಾ ಓಡಾಡ್ದ, 1823ರಲ್ಲಿ ವಾಪಸ್ ಹೋದ. ಚಿಕ್ಕ ಚರ್ಚು. ಬೀಗ ಹಾಕಿತ್ತು. ಮುಂದೆ ಹೋಗಣ.

ಈಗ ಇನ್ನೊಬ್ಬ ಹಾಕವ್ನೆ, "ಬ್ರಿಟಿಷರು ಆಳಿದ್ದಕ್ಕೆ ಹೆಮ್ಮೆ ಪಡ್ತಿದ್ದೀರಾ, ಗುಲಾಮಗಿರಿ ಮನಸ್ಥಿತಿ." ಅಯ್ಯೋ ಶಿವನೇ. ಹೆಮ್ಮೆ ಯಾರ್ ಪಟ್ರು ಮಾರಾಯ? ಮನೆಗೆ ಕಳ್ಳ ನುಗ್ಗಿದ್ದ ಅಂತ ಹೇಳಿದ್ರೆ ಕಳ್ಳನ ಅಭಿಮಾನಿ ಆಗ್ಬುಟ್ನಾ? ಅದೇ ನೀನು ಗೋವಾಗೆ ಹೋಗಿ ಪೋರ್ಚುಗೀಸ್ ಬಂಗ್ಲೆ ಮುಂದೆ ನಿಂತು ಫೋಟೋ ಹಾಕಿದ್ಯಲ್ಲ, ಆವಾಗ ಮನಸ್ಥಿತಿ ಎಲ್ಲೋಗಿತ್ತು, ಬೀಚಿಗಾ?

ಮತ್ತೊಬ್ಬ ಮಹಾನುಭಾವ, "ಐಲ್ಯಾಂಡ್ ಅಂದ್ರೆ ಬೋಟಲ್ಲಿ ಹೋಗ್ಬೇಕು, ಬಸ್ಸಲ್ಲಿ ಹೋಗೋದೆಲ್ಲ ಐಲ್ಯಾಂಡ್ ಅಲ್ಲ." ಇದಕ್ಕೇ ಕಾಯ್ತಿದ್ದೆ ನಾನು! ಬಾಮೈದಂಗೆ ಫೋನ್ ಹಾಕ್ದೆ, ಲೋ ದಿಯುಗೆ ಹೆಂಗೋದೆ? "ಕಾರಲ್ಲಿ ಭಾವ." ನೀರು ದಾಟಿದ್ದು? "ಸೇತುವೆ ಐತಲ್ಲ ಭಾವ." ಕೇಳುಸ್ಕಂಡ್ರಾ? ಸೇತುವೆ ಐತಂತೆ! ಅಲ್ಲಿ ಸೇತುವೆ ಇದ್ರೆ ಐಲ್ಯಾಂಡು, ಇಲ್ಲಿ ಸೇತುವೆ ಇದ್ರೆ ಬಸ್ ಸ್ಟಾಪು. ನಮ್ ಸೇತುವೆ ನೋಡಿದ್ದೀರಾ ಮೊದ್ಲು, ದಿವಾನ್ ಪೂರ್ಣಯ್ಯ ನಿಂತು ಕಟ್ಸಿದ್ದು, 1804, ಕಲ್ಲಿನ ಕಂಬ ನೆಟ್ಟು ಮೇಲೆ ಕಲ್ಲು ಹಾಸವ್ರೆ, ಎಷ್ಟು ಪ್ರವಾಹ ಮೈಮೇಲೆ ಹೋಗೈತೆ. ಹೆಸ್ರು ಮಾತ್ರ ವೆಲ್ಲೆಸ್ಲಿದು, ಆ ಅಣ್ಣಂದು. ಕೆಲ್ಸ ನಮ್ಮವ್ರದ್ದು ಹೆಸ್ರು ಅವ್ರದ್ದು. ಕಾಲೋನಿ ಅಂದ್ರೆ ಇದೇ ತಾನೆ? ಇದಕ್ಕಿಂತ ಕಾಲೋನಿ ಐಲ್ಯಾಂಡ್ ಎಲ್ಲಿಂದ ತರ್ಲಿ?

ಐಲ್ಯಾಂಡ್!

2017ರಲ್ಲಿ ರೈಲ್ವೆ ಡಬಲ್ ಲೈನಿಗೆ ಅಡ್ಡ ಬಂತು ಅಂತ ಪಟ್ಣದಲ್ಲಿ ಟಿಪ್ಪು ಕಾಲದ ಮದ್ದುಗುಂಡಿನ ಮನೆನ ಇಡೀದಾಗಿ ಎತ್ತಿ ನೂರು ಮೀಟರ್ ಮೇಲೆ ಆಚೆಗೆ ಸರ್ಸಿದ್ರು. ಇಟ್ಟಿಗೆ ಗಾರೆ ಕಟ್ಟಡಾನೇ ಜರುಗ್ತು, ಈ ಕಾಮೆಂಟ್ ಹಾಕೋರ ಬುದ್ಧಿ ಒಂದಿಂಚು ಜರುಗ್ತಾ ಇಲ್ಲ.

ಇನ್ನೂ ಏನೋ ಬರ್ಕಂಡಿದ್ದೆ... ಮೂರನೇ ಪಾಯಿಂಟು... ಕಾಫಿ ಚೆಲ್ಲೈತೆ, ಓದೋಕಾಯ್ತಿಲ್ಲ. ಇರ್ಲಿ. ಪಾಯಿಂಟ್ ಯಾಕ್ ಬೇಕು, ಸುತ್ತ ನೀರೈತೆ ಸಾಕಲ್ವಾ? ನೀರೈತೆ! ಈ ಕಡೆ ನೀರು, ಆ ಕಡೆ ನೀರು. ನಮ್ಮಜ್ಜಿ ಓದಿದವ್ಳಲ್ಲ, ಅವ್ಳು ಅಸ್ಥಿ ಬಿಡೋಕೆ ಪಶ್ಚಿಮವಾಹಿನಿಗೆ ಹೋದಾಗ "ಹೊಳೆ ನಡ್ಲೂರು" ಅಂತಿದ್ಳು. ಅಜ್ಜಿಗೆ ಗೊತ್ತಿತ್ತು, ಮೇಕೆಗೆ ಗೊತ್ತು, ಸ್ವಿಟ್ಜರ್ಲೆಂಡಿಗೆ ಗೊತ್ತು. ಬೈಪಾಸ್ ಬಂದ್ಮೇಲಂತೂ ಜನ ಪಟ್ಣದ ಬೋರ್ಡ್ ನೋಡಿ ಹಾರನ್ ಹೊಡ್ದು ಹೋಗ್ಬುಡ್ತಾರೆ, ಟೋಲ್ ಕಟ್ಟಿದ ಸಂಕಟಕ್ಕೆ ಎಲ್ಲೂ ನಿಲ್ಸಲ್ಲ. ಅದರ ಬಗ್ಗೆ ಬೇರೆ ವಿಡಿಯೋ ಮಾಡ್ತೀನಿ, ಟೋಲ್ ಬಗ್ಗೆ ನಂಗೆ ಬೇಕಾದಷ್ಟು ಐತೆ ಹೇಳೋಕೆ. ಬೆಲ್ಲದ ನಂಬರ್ ಹಾಕಿದ್ದೀನಿ ಅಂದ್ನಲ್ಲ, ಐದು ಕೇಜಿ ಮೇಲೆ ತಗಂಡ್ರೆ ಕೊರಿಯರ್ ಫ್ರೀ.

ಆ ತೆಪ್ಪದ ಹುಡ್ಗ, ನೀನು ಇದನ್ನ ನೋಡ್ತಿದ್ರೆ ಕೇಳು. ಈ ಭಾನುವಾರ ಬೆಳಗ್ಗೆ ಆರೂವರೆಗೆ ಕರಿಘಟ್ಟದ ಮೆಟ್ಲು ಹತ್ರ ಇರ್ತೀನಿ. ಮೇಲೆ ಹತ್ತಣ, ಅಲ್ಲಿಂದ ಎರಡು ಕವಲೂ ಕಾಣ್ತವೆ, ಬೆರಳಿಟ್ಟು ತೋರುಸ್ತೀನಿ. ಇಳಿದ್ಮೇಲೆ ತಟ್ಟೆ ಇಡ್ಲಿ ನನ್ ಖರ್ಚು. ಮೈಸೂರಿಂದ ಬರುವಾಗ ಬೈಪಾಸಲ್ಲಿ ಬರ್ಬೇಡ, ಊರೊಳಗೇ ಬಾ, ಸೇತುವೆ ಎಷ್ಟು ದಾಟ್ದೆ ಅಂತ ಎಣುಸ್ಕಂಡು ಬಾ.